ಊರಿನ ಮಣ್ಣು ಒತ್ತಿದ ಯಂತ್ರ

ಚಳಿ ಹಿಂದೆ ಸರಿಯುವ ಕಾಲ, ಬಿಸಿಲು ಇನ್ನೂ ಅಂಗಳಕ್ಕೆ ಇಳಿಯದ ಹೊತ್ತು. ಹುಬ್ಬಳ್ಳಿಯ ಒಂದು ಶೆಡ್ಡಿನಲ್ಲಿ ನನಗೆ ಕೊನೆಯ ಬೆಸುಗೆ ಬಿತ್ತು. ನಾನು ಮಣ್ಣಿನ ಇಟ್ಟಿಗೆ ಒತ್ತುವ ಕೈಯಂತ್ರ. ಹೊಟ್ಟೆಗೆ ಮಣ್ಣು ತುಂಬಿ, ನನ್ನ ಉದ್ದನೆಯ ಹಿಡಿಗೆ ಇಬ್ಬರು ಜೋತುಬಿದ್ದರೆ ಒಂದು ಇಟ್ಟಿಗೆ ಹುಟ್ಟುತ್ತದೆ. ಸುಡುವುದು ಬೇಡ, ಹೊಗೆಯೂ ಇಲ್ಲ.

ನನ್ನನ್ನು ಮಾಡಿಸಿದವಳು ಇಂದುಮತಿ ಹಂಚಿನಮನಿ, ಆರ್ಕಿಟೆಕ್ಟ್. ಊರು ಬೆಳೆಯಲಿ, ಆದರೆ ಗುಡ್ಡ ಒಡೆದು ಕೆರೆ ಮುಚ್ಚಿ ಬೆಳೆಯಬಾರದು ಎಂಬುದು ಆಕೆಯ ಹಟ. ಕಚೇರಿಗಳಿಗೆ ಅಲೆದೂ ಅಲೆದೂ ತಲೆ ನರೆತ ಮೇಲೆ ಒಂದೂರಿನ ನಗರಸಭೆಯವರು ಕಾಯಿಪಲ್ಲೆ ಮಾರುಕಟ್ಟೆಯ ಕೆಲಸ ಕೊಟ್ಟರು. ಇದು ಬಾಳಿದರೆ ಉಳಿದ ಬಡಾವಣೆಗಳನ್ನೂ ಹೀಗೇ ಕಟ್ಟೋಣ, ಇಲ್ಲವಾದರೆ ಮಣ್ಣಿನ ಮಾತೇ ಬೇಡ ಎಂದರು.

ಪಾಯಕ್ಕೆಂದು ಅಗೆದ ಮಣ್ಣನ್ನೇ ನಾನು ಒತ್ತಿದೆ. ಇಂದುಮತಿ ತಾನೂ ಜೋತುಬೀಳುತ್ತಿದ್ದಳು. ಸೊಪ್ಪು ಮಾರುವ ಗಂಗವ್ವ ನಗುತ್ತಿದ್ದಳು: "ಬಾಯಾರ, ನಿಮ್ಮ ತೂಕಕ್ಕ ಇಟ್ಟಂಗಿ ಅಲ್ಲ, ಹಪ್ಪಳಾನೂ ಆಗಂಗಿಲ್ಲ. ಸರೀರಿ ಅತ್ತಾಗ!"

ಮಾರುಕಟ್ಟೆ ಎದ್ದಿತು. ಉರಿಬಿಸಿಲಲ್ಲೂ ಒಳಗೆ ತಂಪು. ಸಂಜೆಯಾದರೂ ಸೊಪ್ಪು ಬಾಡುತ್ತಿರಲಿಲ್ಲ. ನಾನು ಅಲ್ಲೇ ಮೂಲೆಯಲ್ಲಿ, ಮುಂದಿನ ಬಡಾವಣೆಯ ದಾರಿ ನೋಡುತ್ತ ಕೂತೆ.

ದೀಪಾವಳಿ ಬಂತು. ಲಕ್ಷ್ಮೀಪೂಜೆಗೆ ಬರಿಮಣ್ಣಿನ ಗೋಡೆ ಚಂದವಲ್ಲ ಎಂದು ಗಂಗವ್ವ ಮುಂದಾದಳು. ಮಾರುವವರೆಲ್ಲ ಸೇರಿ ಒಳಗೂ ಹೊರಗೂ ಗಿಣಿಹಸಿರು ಎಣ್ಣೆಬಣ್ಣ ಬಳಿದರು. ಮದುವೆಮನೆ ಸಿಂಗರಿಸಿದಷ್ಟು ಅಕ್ಕರೆಯಿಂದ ಬಳಿದರು. ಆಮೇಲೆ ಗೋಡೆಗೆ ಉಸಿರಿಲ್ಲದಾಯಿತು. ನೆಲದ ತೇವ ಒಳಗೇ ನಿಂತು, ಮುಂದಿನ ಮಳೆಗಾಲಕ್ಕೆ ಬುಡವೆಲ್ಲ ಉಬ್ಬಿ ಉದುರಿತು.

ನಗರಸಭೆಯ ಎಂಜಿನಿಯರು ಬಂದು ಗೋಡೆಯನ್ನು ಬೆರಳಿಂದ ಕೆರೆದ. "ಈ ಬಣ್ಣ ಯಾರ ಹಚ್ಚಿದ್ರು?" ಕೇಳದೆ ಗೋಡೆ ಮುಟ್ಟಿದವರು ಮಾರುವ ಜಾಗ ಕಳೆದುಕೊಳ್ಳಬೇಕೆಂಬ ಕಟ್ಟಳೆಯಿತ್ತು. ಗಂಗವ್ವ ಕೈಯಲ್ಲಿದ್ದ ಮೆಂತ್ಯದ ಸಿವುಡು ಕೆಳಗಿಟ್ಟು ಎದ್ದಳು.

"ನಾನ ಹಚ್ಚಿಸೇನ್ರಿ," ಎಂದಳು ಇಂದುಮತಿ.

"ಮತ್ತ ನಿಮ್ಮ ಮಣ್ಣಿನ ಹಣೇಬರಹ ಇಷ್ಟ ಬಿಡ್ರಿ, ಮೇಡಂ."

ಆತ ಹೋದ ಮೇಲೆ ಗಂಗವ್ವ ಇಂದುಮತಿಯ ಹತ್ತಿರ ಬಂದಳು. "ನನ್ನ ಸಲುವಾಗಿ ಯಾಕ ಸುಳ್ಳ ಹೇಳಿದ್ರಿ ಬಾಯಾರ?"

"ಬಣ್ಣ ಹಚ್ಚಬ್ಯಾಡ್ರಿ ಅಂತ ಮೊದಲ ಹೇಳಬೇಕಿತ್ತು. ಇಷ್ಟೆಲ್ಲಾ ಮಾಡಿ ಅದನ್ನ ಮರತೆ. ಗ್ವಾಡಿ ಹೆಂಗೂ ಹೋತು ಗಂಗವ್ವ, ನಿಮ್ಮ ಜಾಗಾನರ ಇರಲಿ."

ಮಾರುಕಟ್ಟೆ ಕೆಡವಿದರು. ಅದೇ ಜಾಗದಲ್ಲಿ ಕಾಂಕ್ರೀಟು ಎದ್ದಿತು, ಗಂಗವ್ವನಿಗೆ ಅಲ್ಲೇ ಒಂದು ಕಟ್ಟೆಯೂ ಸಿಕ್ಕಿತು. ನನ್ನನ್ನು ನಗರಸಭೆಯ ಹಿತ್ತಲಿಗೆ ತಳ್ಳಿದರು. ತುಕ್ಕು ಮೊಣಕಾಲು ದಾಟಿ ಏರಿದೆ. ಕೆಟ್ಟವರು ಯಾರಾದರೂ ಕೆಡಿಸಿದ್ದರೆ ಬೈದು ಹಗುರಾಗುತ್ತಿದ್ದೆ. ಅಕ್ಕರೆಯಿಂದ ಕೆಟ್ಟದ್ದಕ್ಕೆ ಯಾರನ್ನು ಬೈಯಲಿ?

ಇಂದುಮತಿ ಆಮೇಲೆ ಯಾವ ಊರಲ್ಲೂ ಕಟ್ಟಲಿಲ್ಲವಂತೆ. ಆಕೆ ಈ ಊರು ಬಿಟ್ಟದ್ದು ಹೊಲದ ಮಣ್ಣಿಗೆ ಪೂಜೆ ಸಲ್ಲುವ ಎಳ್ಳಮಾವಾಸ್ಯೆಯ ಮರುದಿನ, ಬುಧವಾರ.