ಆಚೆ ದಡದ ಹಲೋ

"‘ಬಸ್’ ಬ್ಯಾಡ್ರಿ. ‘ಹಲೋ’ ಮ್ಯಾಲ ಪಾಠ ಮಾಡ್ರಿ, ಏನ್ರೀ?" ಎಂದು ಮಾನ್ವಿ ಕಾಲೇಜಿನ ಪ್ರಿನ್ಸಿಪಾಲ್ ವಿರೂಪಣ್ಣನವರ ದನಿ ಹೇಳಿ ಫೋನ್ ಇಟ್ಟಾಗ, ಮೌನೇಶ್ವರಿ ದೇವದುರ್ಗದಲ್ಲಿ ಬಸ್ ಹತ್ತಿ ಕೂತಾಗಿತ್ತು. ಎರಡು ಸಲ ಕೆಮ್ಮಿ ಮಾತು ತೆಗೆಯುವ ಆ ದನಿಯನ್ನು ಅರ್ಜಿ ಕೊಟ್ಟ ದಿನವೇ ಕೇಳಿದ್ದಳು.

ಎರಡು ವಾರ ಅವಳು ಉರು ಹೊಡೆದದ್ದು ‘ಬಸ್’ ಪದದ ಹುಟ್ಟನ್ನು. ‘ಎಲ್ಲರಿಗೂ’ ಎಂಬ ಅರ್ಥದ ‘ಆಮ್ನಿಬಸ್’ ಎಂಬ ಲ್ಯಾಟಿನ್ ಮಾತಿನ ಬಾಲವಷ್ಟೇ ಅದು. ಈಗ ಅದೇ ಬಸ್ಸಿನಲ್ಲಿ ಕೂತು ಬಸ್ಸನ್ನೇ ಮರೆಯಬೇಕು. ಹನ್ನೊಂದಕ್ಕೆ, ಒಂದು ಇಂಗ್ಲಿಷ್ ಪದದ ಹುಟ್ಟು ಹೇಳುವ ಡೆಮೊ ಕ್ಲಾಸು. ಇಂಗ್ಲಿಷ್ ಅತಿಥಿ ಉಪನ್ಯಾಸಕರ ಹುದ್ದೆ ಒಂದು, ಅರ್ಜಿ ಒಂಬತ್ತು. ಕಿಟಕಿ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು.

"ಹಿಂಗ್ಯಾಕ ಚಡಪಡಿಸಾಕತ್ತಿ?" ಜೊತೆಗೆ ಬಂದಿದ್ದ ಅಪ್ಪ ಯಂಕೋಬ ಕೇಳಿದ. ಕೃಷ್ಣೆಯಲ್ಲಿ ಮೂವತ್ತು ವರ್ಷ ಹರಿಗೋಲು ನಡೆಸಿದವ.

"ಹಲೋ ಎಲ್ಲಿಂದ ಬಂತು ಅಂತ ಹೇಳಬೇಕಂತ, ಯಪ್ಪಾ." ಸಿರವಾರ ದಾಟಿದ ಮೇಲೆ ಫೋನಿನಲ್ಲಿ ನಿಘಂಟು ತೆರೆದುಕೊಂಡಿತು. "ದೋಣಿಯವನನ್ನ ಕರಿಯೂ ಕೂಗಿನಿಂದ ಬಂದಿರಬೌದು ಅಂತ ಅದ."

"ಹಂಗಾದ್ರ ಅದು ನನ್ನ ಕರಿಯೂ ಮಾತು. ಕೂಗು ಉದ್ದ ಇರಬೇಕವ್ವಾ. ಗಿಡ್ಡಾದ್ರ ನಡು ನೀರಾಗ ಬೀಳ್ತದ."

ಕ್ಲಾಸಿನಲ್ಲಿ ಅವಳು ಹಿಂದಿನ ಬೆಂಚನ್ನು ಆಚೆ ದಡ ಮಾಡಿದಳು, ಕರಿಹಲಗೆಯನ್ನು ಈಚೆ ದಡ. "ನದಿ ತುಂಬಿ ಹರಿಯಾಕತ್ತದ. ನನ್ನ ಕರೀರಿ." ಹುಡುಗರು ಕೂಗಿದ ಕೂಗಿಗೆ ಕಿಟಕಿಯ ಪಾರಿವಾಳಗಳು ಹಾರಿದವು.

ಮೇಜಿನ ಬಳಿ ಕೂತಿದ್ದ ವಿರೂಪಣ್ಣನವರು ಮಾತ್ರ ಹುಬ್ಬು ಗಂಟಿಕ್ಕಿದರು. "ಅರ್ಜಿಯಾಗ ಬಸ್ ಅಂತ ಬರದು ಕೊಟ್ಟಿದ್ರಲ್ಲ?"

"ನೀವ ಫೋನ್ ಮಾಡಿ ಬದಲಿಸಿದ್ರಿ, ಸರ್."

"ನಾನು?" ಎರಡು ಸಲ ಕೆಮ್ಮಿದರು. "ಸುಳ್ಳು ಹೇಳೋರು ನಮಗ ಬ್ಯಾಡ್ರಿ."

ಅವಳ ಕೈಯ ಸೀಮೆಸುಣ್ಣ ಎರಡಾಯಿತು. ಅಷ್ಟರಲ್ಲಿ ಮೇಜಿನ ಮೇಲೆ ಅವಳ ಫೋನ್ ಬಡಿದುಕೊಂಡಿತು. "ಮುಂಜಾನಿ ಬಂದದ್ದು ಇದ ನಂಬರ್, ಸರ್."

"ಸ್ಪೀಕರ್ ಹಚ್ರಿ."

ಫೋನೂ ಎರಡು ಸಲ ಕೆಮ್ಮಿತು. "ಹಲೋ, ವಿರೂಪಣ್ಣ ಮಾತಾಡಾಕತ್ತೀನಿ. ಪಾಠ ಹೆಂಗಾತು, ಏನ್ರೀ?"

ಪ್ರಿನ್ಸಿಪಾಲರು ಫೋನಿನತ್ತ ಬಾಗಿದರು. "ಭಾಳ ಛಲೋ ಆತು. ನೀವು ವಿರೂಪಣ್ಣ ಆದ್ರ, ನಾ ಯಾರು, ಏನ್ರೀ?"

ಈಗ ಆ ಕಡೆಯಿಂದ ಬೇರೆಯೇ ಒಂದು ಸಣ್ಣ ದನಿ: "ಸರ್... ನಾನ್ರೀ, ಅಂಬರೀಶ." ಇದೇ ಕಾಲೇಜಿನಲ್ಲಿ ಬಿ.ಎ. ಓದಿ, ರಾಯಚೂರಿನಲ್ಲಿ ಅವಳ ಜೊತೆ ಎಂ.ಎ. ಮಾಡಿದವ; ಕೀಟಲೆಗೆ ಅವನು ಅಣಕಿಸದ ಮೇಷ್ಟ್ರ ದನಿಯಿಲ್ಲ.

ಮೊದಲು ಹುಡುಗರು ನಕ್ಕರು. ವಿರೂಪಣ್ಣನವರು ಮೀಸೆಯೊಳಗೇ ನಗುತ್ತ ಅರ್ಜಿಗಳ ಕಟ್ಟಿನಿಂದ ಅವಳದೊಂದನ್ನೇ ತೆಗೆದು ಮಡಚಿ ಜೇಬಿಗಿಟ್ಟುಕೊಂಡರು. ಮುಂಜಾನೆಯಿಂದಿದ್ದ ಚಡಪಡಿಕೆಯೆಲ್ಲ ಮೌನೇಶ್ವರಿಗೆ ಆಗ ನಗುವಾಗಿ ಒಡೆಯಿತು. ಎಲ್ಲರ ನಗೆಯನ್ನೂ ದಾಟಿ, ಉದ್ದಕ್ಕೆ, ಬಯಲಿನ ಆಚೆಯ ಗೇಟಿನವರೆಗೆ ಹೋಯಿತು.

ಅಲ್ಲಿ ಬೇವಿನ ನೆರಳಲ್ಲಿ ತೂಕಡಿಸುತ್ತಿದ್ದ ಯಂಕೋಬ ದಿಗ್ಗನೆದ್ದು ಧೋತರ ಕೊಡವಿಕೊಂಡ. "ಬಂದೇ..." ಎಂದು ಆಚೆ ದಡಕ್ಕೆ ಕೇಳುವಂತೆ ದನಿ ತೆಗೆದ.