ಮುಖ ಮರೆಯುವ ವಿದ್ಯಾಬಾಯಿ

ವಿದ್ಯಾಬಾಯಿಯವರಿಗೆ ಮನುಷ್ಯರ ಮುಖವೇ ನೆನಪಿರುತ್ತಿರಲಿಲ್ಲ. ಎದುರು ನಿಂತು ಕೈಮುಗಿದವರನ್ನು ಯಾರೋ ಏನೋ ಎಂಬಂತೆ ನೋಡಿ, ಅವರು ಪೆಚ್ಚಾಗಿ ತಿರುಗಿ ನಾಲ್ಕು ಹೆಜ್ಜೆ ಹಾಕಿದೊಡನೆ, "ಅಯ್ಯ ಗುರವ್ವಾ! ಎಡಗಾಲ ಇನ್ನೂ ಎಳಿಯಾಕತ್ತೀಯಲ್ಲ!" ಎಂದು ಸಿಂದಗಿ ಬಸ್‌ಸ್ಟ್ಯಾಂಡೇ ಬೆಚ್ಚಿಬೀಳುವಂತೆ ಕೂಗುತ್ತಿದ್ದರು. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳಿಗೆ ವಾರವನ್ನು ಹಂಚಿಕೊಟ್ಟು, ಕೆಂಪು ಬಸ್ಸಿನಲ್ಲಿ ಓಡಾಡುತ್ತ, ಸೊಂಟ ಮತ್ತು ಪೃಷ್ಠದ ವೇದನೆಯನ್ನು ಅಂಗಮರ್ದನ, ವ್ಯಾಯಾಮಗಳಿಂದ ಪಳಗಿಸುತ್ತಿದ್ದ ಫಿಜಿಯೋಥೆರಪಿಸ್ಟ್ ಅವರು. ಎಲ್ಲರ ಕೋಟು ಕಾಲರಿನಲ್ಲಿ ಸವೆದರೆ ಅವರ ಬಿಳಿ ಕೋಟು ಬಲಮೊಳಕೈಯಲ್ಲಿ ಸವೆಯುತ್ತಿತ್ತು. ಹೆಬ್ಬೆರಳಿಗೆ ಜಗ್ಗದ ಸ್ನಾಯುವಿನ ಮೇಲೆ ಅವರು ಮೊಳಕೈಯನ್ನೇ ಊರುತ್ತಿದ್ದರು.

ಡೊಳ್ಳು ಕುಣಿತದ ಮಾಳಿಂಗರಾಯನನ್ನು ಅವರ ಬಳಿಗೆ ಕರೆದೊಯ್ದವನು ಕನ್ನೊಳ್ಳಿಯಲ್ಲಿ ಮಾಸ್ತರನಾಗಿದ್ದ ನಾನೇ. ಆಹಾ, ಅವನ ಡೊಳ್ಳು! ಅಷ್ಟು ಭಾರವನ್ನು ಕೊರಳಿಗೆ ಹಾಕಿಕೊಂಡು ಅವನು ಗಿರ್ರನೆ ತಿರುಗಿದರೆ ನೋಡುತ್ತ ಕೂತ ಮುದುಕರ ಕಾಲೂ ಸುಮ್ಮನಿರುತ್ತಿರಲಿಲ್ಲ. ಅಂಥವನು ವರ್ಷದಿಂದ ಕುಂಟುತ್ತ, ಬರುವ ದೀಪಾವಳಿಗೆ ಡೊಳ್ಳನ್ನು ಮೇಳದವರಿಗೆ ಒಪ್ಪಿಸಿಬಿಡುವ ಮಾತಾಡತೊಡಗಿದಾಗ ನಾನು ತಡಮಾಡದೆ ಅವನನ್ನು ಸಿಂದಗಿ ಬಸ್ಸು ಹತ್ತಿಸಿದೆ.

"ಟೊಂಕ ನೋವ್ರೀ ಬಾಯಾರ," ಎಂದ, ನೆಲ ನೋಡುತ್ತ.

ಬಾಗಿಲವರೆಗೆ ನಡೆಸಿ, ಅವನು ಬಲಕ್ಕೆ ವಾಲುವುದನ್ನು ನೋಡಿದ ವಿದ್ಯಾಬಾಯಿ ಹೌಹಾರಿದರು. "ಟೊಂಕ ಅಲ್ಲೋ ಯಣ್ಣಾ, ಕುಂಡಿ! ಹೆಸರ ಹೇಳಾಕ ನಾಚಿ ವರ್ಷಾನಗಟ್ಲೆ ಟೊಂಕಕ್ಕ ಎಣ್ಣಿ ತಿಕ್ಕಿಸ್ಕೊಂಡಿಯೇನು?"

ಹೌದು, ಅದನ್ನೇ ಮಾಡಿಸಿಕೊಂಡಿದ್ದ ಪುಣ್ಯಾತ್ಮ! ಮೊಳಕೈ ಊರಿದಾಗ ಮೊದಲು ಚೀರಿದ. ನೋವು ಸಡಿಲವಾದ ಹಾಗೆಲ್ಲ ಅದರ ಸುಖ ಹತ್ತಿ, ಇನ್ನಷ್ಟು ತಿಕ್ಕಿರೆಂದು ಗೋಗರೆಯತೊಡಗಿದ.

"ಸಾಕು, ಏಳು! ಡೊಳ್ಳು ಹೊರಾವ್ರು ಯಾರು? ನಾನೋ, ನೀನೋ? ನಿನ್ನ ಕಾಲಿಗೇ ಕಸುವು ಬರಬೇಕು!"

ಅಂಗಾತ ಮಲಗಿ ಸೊಂಟ ಎತ್ತುವುದು, ಒಂಟಿಗಾಲಲ್ಲಿ ನಿಲ್ಲುವುದು, ಮೆಟ್ಟಿಲು ಹತ್ತಿಳಿಯುವುದು ಶುರುವಾಯಿತು. ಆಮೇಲೆ ಅವನ ಕೊರಳಿಗೆ ಖಾಲಿ ಎಣ್ಣೆಡಬ್ಬಿ ಕಟ್ಟಿ, ವಾರವಾರಕ್ಕೂ ಅದರಲ್ಲಿ ಒಂದಿಷ್ಟು ಜೋಳ ಸುರಿದು, ಚಪ್ಪಾಳೆ ತಟ್ಟುತ್ತ ಹಿಂದೆ ಹಿಂದೆ ನಡೆಯುತ್ತಿದ್ದರು. ಕೊನೆಯ ಎರಡು ತಿಂಗಳು ಮಾತ್ರ ಊರಿನಲ್ಲೇ ಅಭ್ಯಾಸ ಮಾಡಲು ಅವನನ್ನು ಬಿಟ್ಟರು.

ದೀಪಾವಳಿಗೆ ಅವರನ್ನೂ ಕರೆದಿದ್ದೆ. ಡೊಳ್ಳುಗಳು ಸಿಡಿದೆದ್ದವು, ನಮಗೆ ಬೆನ್ನು ಮಾಡಿದ ಮೇಳ ಒಮ್ಮೆಲೆ ಜಿಗಿಯಿತು. ವಿದ್ಯಾಬಾಯಿ ಮಾತ್ರ ಕಂಗಾಲಾಗಿ ಸಾಲನ್ನೆಲ್ಲ ಹುಡುಕುತ್ತಿದ್ದರು.

"ಮಾಳಿಂಗರಾಯ ಎಲ್ಲಿ ಅದಾನ್ರೀ ಮಾಸ್ತರ? ಮತ್ತ ಕಾಲ ಹಿಡೀತೇನು?"

"ನಿಮ್ಮ ಮುಂದನ ಕುಣಿಯಾಕತ್ತಾನಲ್ರೀ!"

"ಏ, ಅವನಲ್ಲ ಬಿಡ್ರಿ! ಅಂವ ಬಲಕ್ಕ ವಾಲ್ತಾನ," ಎಂದು ಅವರು ವಾದಿಸುತ್ತಿರುವಾಗಲೇ ಅವನು ಗಿರ್ರನೆ ತಿರುಗಿ, ಮುಖ ತುಂಬ ನಗುತ್ತ, "ಬಾಯಾರ!" ಎಂದು ಕೂಗಿದ. ಆ ದನಿ ಕೇಳಿ ಅವರು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ತುಂಬಿದ್ದವು.

ನಮ್ಮನ್ನು ನಮ್ಮ ನೋವಿನಿಂದಲೇ ಗುರುತು ಹಿಡಿಯುವ ಇಂಥ ಜನ, ಮೈಬಗ್ಗಿಸಿ ದುಡಿದು, ನೋವು ನೀಗಿ ತಮಗೆ ಗುರುತೇ ಸಿಗದಂತಾದವರನ್ನು ಊರ ತುಂಬ ನಡೆದಾಡಲು ಬಿಟ್ಟು, ಮುಂದಿನ ಬಸ್ಸು ಹಿಡಿಯುತ್ತಾರೆ.