ಸೆಪ್ಟೆಂಬರ್ ತಿಂಗಳ ಹಾಳೆ

ತಿಪಟೂರಿನ ನಮ್ಮ ಶಾಲೆಯಿಂದ ತಿಂಗಳಿಗೊಂದು ಹಾಳೆ ಮಕ್ಕಳ ಮನೆಗಳಿಗೆ ಹೋಗುತ್ತಿತ್ತು. ಸಿಸ್ಟರುಗಳು ನಡೆಸುವ ಪ್ರಾಥಮಿಕ ಶಾಲೆ. ಓದುವವರಲ್ಲಿ ಕ್ರೈಸ್ತರ ಮಕ್ಕಳು ಹತ್ತು ಮನೆಯವರೂ ಇರಲಿಲ್ಲ. ಉಳಿದವರೆಲ್ಲ ಸುತ್ತಲ ತೋಟದ ಮನೆಗಳಿಂದ, ಪೇಟೆಯ ಸಾಬರ ಮನೆಗಳಿಂದ ಬರುತ್ತಿದ್ದವರು. ಹಾಳೆ ಬರೆಯುವುದು ನನ್ನ ಕೆಲಸ. ಸ್ಟೆನ್ಸಿಲ್ ಕೊರೆದು, ಸೈಕ್ಲೋಸ್ಟೈಲ್ ಯಂತ್ರದ ಹಿಡಿ ತಿರುಗಿಸಿ, ಮೊಣಕೈವರೆಗೆ ಮಸಿ ಮಾಡಿಕೊಂಡು ಇನ್ನೂರು ಪ್ರತಿ ತೆಗೆಯುತ್ತಿದ್ದೆ. ತಾಯಿತಂದೆಯರ ಸಭೆ ಯಾವತ್ತು, ಆಟೋಟದ ದಿನ ಯಾವ ತರಗತಿಯವರು ಯಾವ ಬಣ್ಣದ ರಿಬ್ಬನ್ ಕಟ್ಟಿಕೊಂಡು ಬರಬೇಕು, ಶನಿವಾರದ ಕೈಕೆಲಸಕ್ಕೆ ತೆಂಗಿನ ಚಿಪ್ಪನ್ನು ನಯವಾಗಿ ಕೆರೆದು ಕಳಿಸಿ, ಒಂದನೆಯ ತರಗತಿಯಲ್ಲಿ ಈ ತಿಂಗಳು ಹಲ್ಲು ಬಿದ್ದವರು ಯಾರು ಯಾರು, ಇಂಥವೇ ಸಮಾಚಾರ.

ಮೊದಮೊದಲು ಆ ಹಾಳೆಗಳು ಕಡಲೆಕಾಯಿ ಪೊಟ್ಟಣವಾಗಿ ನನ್ನ ಕೈಗೇ ವಾಪಸ್ಸು ಬಂದದ್ದುಂಟು. ಅದಕ್ಕೆ ನಾನೊಂದು ಉಪಾಯ ಮಾಡಿದೆ. ಹಾಳೆಯ ತಲೆಯ ಮೇಲೆ ಮಗುವನ್ನೆತ್ತಿಕೊಂಡ ಮಾತೆಯ ಚಿತ್ರ ಕೊರೆಯತೊಡಗಿದೆ. ಅಂದಿನಿಂದ ಯಾವ ಮನೆಯವರೂ ಅದನ್ನು ಹರಿಯಲಿಲ್ಲ. "ಇನ್ನಾಸಪ್ಪ ಮೇಷ್ಟ್ರ ತಲೆಯೇ ತಲೆ" ಎಂದು ದೊಡ್ಡ ಸಿಸ್ಟರ್ ನಕ್ಕಿದ್ದರು.

1980ರ ಸೆಪ್ಟೆಂಬರ್ ತಿಂಗಳ ಹಾಳೆಯನ್ನು ಎಂಟನೆಯ ತಾರೀಖು ಸೋಮವಾರ ಸಂಜೆ ಬರೆದೆ. ಅಂದು ಬೆಳಿಗ್ಗೆ ನನ್ನ ಮೊಮ್ಮಗಳು ಸೆಲಿನಾಳನ್ನು ಮಣ್ಣು ಮಾಡಿ ಬಂದಿದ್ದೆವು. ಎರಡನೆಯ ತರಗತಿಯಲ್ಲಿ ಓದುತ್ತಿದ್ದಳು. ಗಂಟಲುಮಾರಿಯಿಂದ ಹೋದಳು. ನನ್ನ ಮಗ ಸೈನ್ಯದಲ್ಲಿದ್ದ. ತಂತಿ ಕೊಟ್ಟಿದ್ದೆವು, ಅವನಿನ್ನೂ ಬಂದಿರಲಿಲ್ಲ. ಸೊಸೆ ಫಿಲೋಮಿನಾ ಹೆರಿಗೆಗೆಂದು ಹಾಸನದ ತವರಿಗೆ ಹೋದವಳು, ಇಪ್ಪತ್ತು ದಿನದ ಕೂಸನ್ನು ಎತ್ತಿಕೊಂಡು ಮಣ್ಣಿನ ಹೊತ್ತಿಗೆ ಬಂದಿಳಿದಳು. ಸೆಲಿನಾ ನನ್ನೊಬ್ಬನ ಸುಪರ್ದಿನಲ್ಲಿದ್ದಳು.

ಡಾಕ್ಟರ್ ಸದಾಶಿವಯ್ಯನವರು ಸಮಾಧಿಯ ಹತ್ತಿರವೇ ನನ್ನ ತೋಳು ಹಿಡಿದು ಹೇಳಿದರು: "ಇದು ಅಂಟುರೋಗ, ಮೇಷ್ಟ್ರೇ. ಅವಳ ತರಗತಿಯ ಮಕ್ಕಳನ್ನೆಲ್ಲ ಬುಧವಾರ ಶಾಲೆಯಲ್ಲೇ ನೋಡ್ತೀನಿ. ನನ್ನ ಹತ್ತಿರ ಇರೋ ಔಷಧಿ ಸಾಲದು, ಬೆಂಗಳೂರಿಂದ ಇನ್ನಷ್ಟು ತರಿಸ್ತೀನಿ. ಒಂದು ಮಗುವೂ ತಪ್ಪಬಾರದು."

ಬೇರೆ ಯಾರಾದರೂ ಬರೆಯಲಿ ಎಂದು ಸಿಸ್ಟರ್ ಅಂದರು. ನಾನು ಕೇಳಲಿಲ್ಲ. "ನಮ್ಮ ಒಂದು ಮಗು ಒಂದೇ ದಿನದ ಜ್ವರದಲ್ಲಿ ದೇವರ ಪಾದ ಸೇರಿದೆ. ಎರಡನೆಯ ತರಗತಿಯ ಮಕ್ಕಳನ್ನು ಮನೆಯವರು ಬುಧವಾರ ತಪ್ಪದೆ ಕರೆತರಬೇಕು" ಎಂದು ಬರೆದೆ. ಒಂದೇ ದಿನದ ಜ್ವರ ಎಂಬುದು ಸುಳ್ಳು. ಅದನ್ನು ಮುಂದೆ ಹೇಳುತ್ತೇನೆ.

ಬುಧವಾರ ನಲವತ್ತೆರಡು ಮಕ್ಕಳಲ್ಲಿ ನಲವತ್ತೊಂದು ಮಕ್ಕಳು ಬಂದರು. ಬಾರದವಳು ಗಂಗಮಾಳಮ್ಮ, ಮನೆಯವರ ಬಾಯಲ್ಲಿ ಮಾಳಿ. ಹೊನ್ನವಳ್ಳಿ ಬಸ್ಸಿನಲ್ಲಿ ಒಬ್ಬಳೇ ಬರುವ, ತಾಯಿಯಿಲ್ಲದ ಹುಡುಗಿ. ಸೆಲಿನಾಳ ಪಕ್ಕದಲ್ಲಿ ಕೂರುತ್ತಿದ್ದವಳು. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ಇವಳ ರೊಟ್ಟಿ ಅವಳಿಗೆ, ಅವಳ ಅನ್ನ ಇವಳಿಗೆ. ಸೋಮವಾರದಿಂದ ಅವಳು ಶಾಲೆಗೆ ಬಂದಿರಲಿಲ್ಲವಾದ್ದರಿಂದ ಹಾಳೆಯನ್ನು ಕಂಡಕ್ಟರ್ ಗಂಗಯ್ಯನ ಕೈಲಿ ಕಳಿಸಿದ್ದೆ. ಗುರುವಾರ ಬೆಳಿಗ್ಗೆ ಗಂಗಯ್ಯನನ್ನೇ ಹಿಡಿದೆ.

"ಕೊಟ್ಟೆ ಕಣ್ರೀ ಮೇಷ್ಟ್ರೇ, ಅವರಜ್ಜಿ ಕೈಗೇ ಕೊಟ್ಟೆ. ಕಣ್ಣಿಗೊತ್ಕೊಂಡು ಈಸ್ಕೊಂಡ್ಲು."

ಕಣ್ಣಿಗೊತ್ತಿಕೊಂಡಳು ಎಂದರೆ ಚಿತ್ರವನ್ನಷ್ಟೇ ನೋಡಿದ್ದಾರೆ, ಓದಿಸಿಲ್ಲ. ಅದೇ ಬಸ್ಸು ಹತ್ತಿದೆ.

ಮನೆ ರಸ್ತೆಯಿಂದ ಒಂದು ಫರ್ಲಾಂಗು ಒಳಗೆ, ತೋಟದ ನಡುವೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಹುಡುಗಿಯ ಅಜ್ಜಿ ಕೊಲ್ಲಾಪುರಮ್ಮ ಹೊಸ್ತಿಲಲ್ಲೇ ಕೂತಿದ್ದರು.

"ಬನ್ನಿ ಮೇಷ್ಟ್ರೇ. ಒಳೀಕ್ ಮಾತ್ರ ಬರಬ್ಯಾಡಿ, ತಪ್ಪು ತಿಳೀಬ್ಯಾಡಿ. ಮಾಳೀಗೆ ಮೈ ಬೆಚ್ಚಗೈತೆ. ಅಮ್ಮ ಬರೋ ಹಂಗೈತೆ."

"ಎಷ್ಟು ದಿನವಾಯಿತು?"

"ಮೊನ್ನೆಯಿಂದ. ಅದಕ್ಕೂ ಮುಂಚೆ ಸುಮ್ನೆ ಮಂಕಾಗಿತ್ತು."

"ಶಾಲೆಯಿಂದ ಹಾಳೆ ಬಂತಲ್ಲ, ಓದಿಸಲಿಲ್ಲವೇ?"

"ಯಾರ ತಾವ ಓದಿಸ್ಲಿ? ನನ್ನ ಮಗ ಲಾರಿ ಜೊತೆ ಕೊಬ್ಬರಿ ಹಾಕಕ್ಕೆ ಬೊಂಬಾಯಿಗೆ ಹೋಗವ್ನೆ. ನೀವು ತಿಂಗಳಿಗೊಂದು ಕಳಿಸ್ತೀರ, ಚಿಪ್ಪು ಕಳಿಸಿ ರಿಬ್ಬನ್ ಕಳಿಸಿ ಅಂತ. ಇದ್ರಾಗೂ ಅದೇ ಇರ್ತದೆ ಅಂದ್ಕೊಂಡೆ. ಮಗು ಹುಷಾರಿಲ್ದಾಗ ತಾಯಿ ತಾನಾಗೇ ಮನೆಗೆ ಬಂದ್ಲಲ್ಲ ಅಂತ ದೇವರ ಗೂಡ್ನಾಗೆ ಇಟ್ಟು ದೀಪ ಹಚ್ಚಿವ್ನಿ."

ಹೊಸ್ತಿಲಿನಿಂದಲೇ ಒಳಗಿನ ಗೋಡೆಯ ಗೂಡು ಕಾಣುತ್ತಿತ್ತು. ಚಿತ್ರಕ್ಕೆ ಕಣಗಿಲೆ ಹೂ ಮುಡಿಸಿದ್ದರು. ಅದರ ಕೆಳಗೆ ನಾನು ಬರೆದ ಸಾಲುಗಳ ಮೇಲೆಲ್ಲ ಅರಿಶಿನ ಕುಂಕುಮ. ಬುಧವಾರ ಎಂಬ ಅಕ್ಷರಗಳು ಕುಂಕುಮದಡಿಯಲ್ಲಿ ಮುಚ್ಚಿಹೋಗಿದ್ದವು.

"ಅಮ್ಮಾ, ಅದರಲ್ಲಿ ಮಗುವನ್ನು ಡಾಕ್ಟರಿಗೆ ತೋರಿಸಿ ಅಂತ ಬರೆದಿದೆ. ಈಗಲೇ ಹೊರಡಿ. ಇದು ಅಮ್ಮ ಅಲ್ಲ. ನನ್ನ ಮೊಮ್ಮಗಳು ಸೆಲಿನಾಳನ್ನು ಒಯ್ದ ರೋಗವೇ ಇವಳಿಗೂ ಬಂದಿದೆ."

ಕೊಲ್ಲಾಪುರಮ್ಮ ಅಲುಗಲಿಲ್ಲ. "ಸೂಜಿ ಗೀಜಿ ಅಂದ್ರೆ ತಾಯಿ ಮುನಿಸ್ಕಳ್ತಾಳೆ. ಮೈಮ್ಯಾಲೆ ಕಾಣೋಗಂಟ ಹೊಸ್ತಿಲು ದಾಟಿಸಬಾರ್ದು. ಮೂರು ದಿನ ಹೇಳ್ಕೊಂಡಿವ್ನಿ. ನಾಳೀಕೆ ಮುಗೀತದೆ. ಆಮೇಲೆ ಬತ್ತೀನಿ, ಆಯ್ತಾ?"

"ನಾಳೆಗೆ ಉಳಿಯುವುದಿಲ್ಲ."

"ಬಿಡ್ತು ಅನ್ನಿ! ಮೇಷ್ಟ್ರಾಗಿ ಬಾಯಲ್ಲಿ ಇಂಥ ಮಾತಾ? ನಿಮ್ ಮನೇಲಿ ಹೋಯ್ತು ಅಂತ ನಮ್ ಮನೇಲೂ ಹೋಗ್ಲಿ ಅಂತೀರಾ?"

ಒಳಗಿನಿಂದ ಮಗುವಿನ ಉಸಿರಿನ ಸದ್ದು ಕೇಳಿತು. ಒಣಗಿದ ಗರಿಯನ್ನು ನೆಲದ ಮೇಲೆ ಎಳೆದ ಹಾಗೆ. ಶನಿವಾರ ನಮ್ಮ ಮನೆಯಲ್ಲಿ ಕೇಳಿದ್ದು ಅದೇ ಸದ್ದು. ಅಂಗಳದಲ್ಲೇ, ಆ ಮುದುಕಿಯ ಎದುರಿಗೆ ಕುಸಿದು ಕೂತೆ. ಅವರು ಗಾಬರಿಯಾಗಿ, "ಅಯ್ಯೋ, ಇದೇನು ಮೇಷ್ಟ್ರೇ, ನೀರು ತರ್ಲಾ?" ಎಂದರು.

"ನೀರು ಬೇಡ. ನಾನು ಹೇಳುವುದನ್ನು ಕೇಳಿ. ಇದನ್ನು ಯಾರಿಗೂ ಹೇಳಿಲ್ಲ, ಚರ್ಚಿನ ಗುರುಗಳ ಮುಂದೆ ಪಾಪನಿವೇದನೆಯಲ್ಲೂ ಹೇಳಿಲ್ಲ. ಸೆಲಿನಾಗೆ ಒಂದು ದಿನದ ಜ್ವರ ಅಲ್ಲ. ಗುರುವಾರದಿಂದ ಇತ್ತು. ವೇಳಾಂಕಣ್ಣಿ ಮಾತೆಯ ಹಬ್ಬಕ್ಕೆ ನಾವು ಒಂಬತ್ತು ದಿನ ಜಪ ಮಾಡುತ್ತೇವೆ. ಆರು ದಿನ ಆಗಿತ್ತು. ಇನ್ನು ಮೂರು ದಿನ. ಜಪ ಮುರಿದು ಆಸ್ಪತ್ರೆಗೆ ಓಡಿದರೆ ನಂಬಿಕೆಯಿಲ್ಲದವನಾಗುತ್ತೇನೆ ಅಂದುಕೊಂಡೆ. ಮಾತೆಯ ಎಣ್ಣೆ ಅವಳ ಗಂಟಲಿಗೆ ಹಚ್ಚಿದೆ. ಶುಕ್ರವಾರವೂ ಹಚ್ಚಿದೆ. ಶನಿವಾರ ಇದೇ ಸದ್ದು ಬಂತು, ಆಗಲೂ ಹಚ್ಚಿದೆ. ಭಾನುವಾರ ಒಂಬತ್ತು ಮುಗಿಸಿಕೊಂಡು ಎತ್ತಿಕೊಂಡು ಹೋದೆ. ಡಾಕ್ಟರು ಬಾಯಿ ತೆಗೆಸಿ ನೋಡಿ, ಚಮಚ ಕೆಳಗಿಟ್ಟುಬಿಟ್ಟರು. ಅವತ್ತೇ ಹೋದಳು."

ಕೊಲ್ಲಾಪುರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು:

"ನಿಮ್ ಕೂಸೂ ಹಿಂಗೇ ಉಸಿರಾಡ್ತಿತ್ತಾ?"

"ಹೀಗೇ."

ಅವರು ಎದ್ದು ಒಳಗೆ ಹೋಗಿ ಮಗುವನ್ನು ಕಂಬಳಿಯಲ್ಲಿ ಸುತ್ತಿ ತಂದರು. ಹೊಸ್ತಿಲ ಬಳಿ ಒಂದು ಸಲ ನಿಂತು, ಕಣ್ಣು ಮುಚ್ಚಿ, ದಾಟಿದರು.

ತಿಪಟೂರಿಗೆ ಬಸ್ಸು ಮೂರು ಗಂಟೆಗೆ. ಆಗಿನ್ನೂ ಹನ್ನೊಂದೂವರೆ. ರಸ್ತೆಗೆ ಬಂದು ಮಗುವನ್ನು ಎದೆಗವಚಿಕೊಂಡು ನಡೆಯತೊಡಗಿದೆವು. ಒಬ್ಬರ ತೋಳು ಸೋತರೆ ಇನ್ನೊಬ್ಬರು ಎತ್ತಿಕೊಂಡೆವು. ಅರ್ಧ ಮೈಲಿ ಹೋಗುವಷ್ಟರಲ್ಲಿ ಹಿಂದಿನಿಂದ ತೆಂಗಿನಕಾಯಿ ತುಂಬಿದ ಲಾರಿ ಬಂತು. ರಸ್ತೆಯ ಮಧ್ಯೆ ನಿಂತು ಎರಡೂ ಕೈ ಎತ್ತಿದೆ. ಲಾರಿ ಮಾರು ದೂರದಲ್ಲಿ ನಿಂತಿತು.

"ಏನ್ರೀ ಯಜಮಾನ್ರೇ, ಸಾಯಕ್ಕೆ ನನ್ನ ಗಾಡೀನೇ ಬೇಕಿತ್ತಾ?" ಎಂದು ತಲೆ ಹೊರಹಾಕಿದ ಡ್ರೈವರು, ನನ್ನನ್ನು ನೋಡಿ ನಾಲಿಗೆ ಕಚ್ಚಿಕೊಂಡ. ಪೇಟೆಯ ಕರೀಂ ಸಾಬ್. ಅವನ ಮೂರು ಮಕ್ಕಳಿಗೂ ನಾನೇ ಅಕ್ಷರ ತಿದ್ದಿಸಿದ್ದೆ. ಮಗುವಿನ ಮುಖ ಕಂಡವನೇ ಬಾಗಿಲು ತೆರೆದ.

"ಹತ್ತಿ ಅಜ್ಜಿ, ಹತ್ತಿ. ಬಾಗಿಲು ಗಟ್ಟಿಯಾಗಿ ಎಳ್ಕೊಳ್ಳಿ."

ಹಳ್ಳ ಬಂದಲ್ಲೆಲ್ಲ ಹಿಂದೆ ಕಾಯಿಗಳು ಗಡಗಡ ಸದ್ದು ಮಾಡುತ್ತಿದ್ದವು. ಆ ಸದ್ದಿನಲ್ಲಿ ಮಗುವಿನ ಉಸಿರು ಕೇಳಿಸುತ್ತಿರಲಿಲ್ಲ. ಇದೆಯೋ ಇಲ್ಲವೋ ಎಂದು ನಾನು ಅದರ ಮೂಗಿನ ಹತ್ತಿರ ಬೆರಳು ಹಿಡಿದೇ ಕೂತಿದ್ದೆ. ತುಟಿ ನೀಲಿಯಾಗುತ್ತಿತ್ತು. ಪ್ರಾರ್ಥನೆ ಮಾಡಬೇಕು ಎಂದು ನೆನಪಾಯಿತು. "ನಮೋ ಮರಿಯೆ" ಎಂದು ಶುರುಮಾಡಿದವನಿಗೆ ಮುಂದಿನ ಮಾತು ಬರಲಿಲ್ಲ. ಐವತ್ತು ವರ್ಷ ದಿನವೂ ಹೇಳಿದ ಜಪ.

"ಮೇಷ್ಟ್ರೇ, ನೀವು ದೇವ್ರನ್ನ ನೆನೀತಿದೀರಾ?" ಎಂದು ಕೊಲ್ಲಾಪುರಮ್ಮ ಕೇಳಿದರು.

"ಇಲ್ಲಮ್ಮ."

"ನಾನೂ ಇಲ್ಲ. ಭಯ ಆಯ್ತದೆ."

ಕರೀಂ ಸಾಬ್ ಒಮ್ಮೆ ನಮ್ಮ ಕಡೆ ನೋಡಿದ. "ನಾನು ಹೇಳ್ಕೊತಿದೀನಿ, ನೀವು ಮಗೂನ ನೋಡ್ಕೊಳ್ಳಿ" ಎಂದು ಲಾರಿಯನ್ನು ಇನ್ನಷ್ಟು ಜೋರಾಗಿ ಬಿಟ್ಟ.

ಆಸ್ಪತ್ರೆಯಲ್ಲಿ ಡಾಕ್ಟರ್ ಸದಾಶಿವಯ್ಯ ಚಮಚದಿಂದ ನಾಲಿಗೆ ಅದುಮಿ, ಬ್ಯಾಟರಿ ಬಿಟ್ಟು ನೋಡಿದರು. ಗಂಟಲಿನ ತುಂಬ ಬೂದು ಬಣ್ಣದ ಪೊರೆ. ಔಷಧಿ ಅವರ ಬೀರುವಿನಲ್ಲಿ ಸಿದ್ಧವಿತ್ತು. "ಕೊಸರಾಡ್ತಾಳೆ, ಗಟ್ಟಿಯಾಗಿ ಹಿಡ್ಕೊಳ್ಳೋರು ಬೇಕು" ಎಂದರು. ನಾನು ಹಿಡಿದುಕೊಂಡೆ. ಸೂಜಿ ಇಳಿದಾಗ ಮಗು ನನ್ನ ಕೈಯನ್ನು ಕಚ್ಚಿತು. ಭಾನುವಾರ ಸೆಲಿನಾಗೆ ಕಚ್ಚುವ ಶಕ್ತಿಯೂ ಉಳಿದಿರಲಿಲ್ಲ.

ಮರುದಿನ ಹತ್ತು ಗಂಟೆಗೆ ಗಂಗಮಾಳಮ್ಮ ಕಣ್ಣು ಬಿಟ್ಟು ಅಜ್ಜಿಯ ಸೆರಗು ಎಳೆದಳು. ನರ್ಸು ಚಮಚದಲ್ಲಿ ನೀರು ಬಿಟ್ಟಳು. ಒಂದು ಗುಟುಕು ಒಳಗಿಳಿಯಿತು. ಇನ್ನೊಂದು. ಕೊಲ್ಲಾಪುರಮ್ಮ ಹಾಸಿಗೆಯ ಕಾಲು ಹಿಡಿದು ಗೊಳೋ ಎಂದು ಅತ್ತರು.

ಡಾಕ್ಟರು ನನ್ನ ಬೆನ್ನು ತಟ್ಟಿದರು. "ನೆನ್ನೆ ಮಧ್ಯಾಹ್ನದ ಬದಲು ಸಾಯಂಕಾಲ ತಂದಿದ್ರೆ ನನ್ನ ಕೈಲಿ ಆಗ್ತಿರಲಿಲ್ಲ. ಮೂರನೇ ದಿನ ಬಂದದ್ದಕ್ಕೆ ಉಳಿದಳು. ನೀವು ಉಳಿಸಿದ್ರಿ, ಮೇಷ್ಟ್ರೇ."

ಅವರು ಸಮಾಧಾನಕ್ಕೆಂದು ಆಡಿದ ಮಾತು. ಅಲ್ಲಿಯತನಕ ನನ್ನ ಮನಸ್ಸಿನ ಒಂದು ಮೂಲೆಯಲ್ಲಿ, ಏನು ಮಾಡಿದ್ದರೂ ಸೆಲಿನಾ ಉಳಿಯುತ್ತಿರಲಿಲ್ಲವೇನೋ, ದೇವರ ಚಿತ್ತ ಹಾಗಿತ್ತೇನೋ ಎಂಬ ಒಂದು ನೆರಳಿತ್ತು. ಆ ನೆರಳಿನಲ್ಲಿ ನಾಲ್ಕು ದಿನ ಉಸಿರಾಡಿದ್ದೆ. ಹಾಸಿಗೆಯ ಮೇಲೆ ನೀರು ಕುಡಿಯುತ್ತಿದ್ದ ಈ ಹುಡುಗಿ ಅದನ್ನು ತೆಗೆದುಬಿಟ್ಟಳು. ಸೆಲಿನಾಗೆ ಶನಿವಾರ ಮೂರನೆಯ ದಿನ. ನಮ್ಮ ಮನೆಗೆ ಆಸ್ಪತ್ರೆ ಎರಡು ಬೀದಿಯಾಚೆ.

ನಾನು ನೇರವಾಗಿ ಮನೆಗೆ ನಡೆದೆ. ಫಿಲೋಮಿನಾ ಜಗಲಿಯ ಬಿಸಿಲಿನಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತಿದ್ದಳು.

"ಆ ಹುಡುಗಿ ಹೇಗಿದ್ದಾಳೆ, ಮಾವ?"

"ಉಳಿದಳಮ್ಮ."

"ದೇವರು ದೊಡ್ಡವನು" ಎಂದಳು. ಅವಳ ಕೈ ನಿಲ್ಲಲಿಲ್ಲ.

"ಫಿಲೋಮಿನಾ, ಸೆಲಿನಾಗೆ ಜ್ವರ ಬಂದದ್ದು ಭಾನುವಾರ ಅಲ್ಲ. ಗುರುವಾರ. ನಾನು ಜಪ ಮುಗಿಯಲಿ ಅಂತ ಇಟ್ಟುಕೊಂಡು ಕೂತೆ. ನಿನಗೆ ಸುಳ್ಳು ಹೇಳಿದೆ."

ಈಗ ಕೈ ನಿಂತಿತು. ಅವಳು ನನ್ನ ಮುಖ ನೋಡಲಿಲ್ಲ.

"ಗುರುವಾರ ಅವಳು ನನ್ನ ಕೇಳಿದಳಾ?"

"ಕೇಳಿದಳು."

"ಏನಂದ್ರಿ?"

"ಹಬ್ಬ ಆಗಲಿ, ಅಮ್ಮನಿಗೆ ಕಾಗದ ಬರೀತೀನಿ ಅಂದೆ."

ಅವಳು ಕೂಸಿನ ಮೇಲೆ ಬಟ್ಟೆ ಎಳೆದಳು.

"ಆ ಹುಡುಗಿ ನೀರು ನುಂಗಿದಳಾ?"

"ನುಂಗಿದಳು. ಎರಡು ಗುಟುಕು."

ಫಿಲೋಮಿನಾ ಎಣ್ಣೆಯ ಕೈಯಲ್ಲೇ ಕೂಸನ್ನು ಬಾಚಿಕೊಂಡು ಎದ್ದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅವಳೆದ್ದ ಜಾಗದ ಪಕ್ಕದಲ್ಲಿ ಕೂತೆ. ಒಳಗೆ ಮಗು ಅಳುತ್ತಿತ್ತು. ಅದನ್ನು ಸಮಾಧಾನ ಮಾಡುವ ದನಿ ಕೇಳಿಸಲಿಲ್ಲ.